ಒಂದೇ ಗುಳಿಗೆ, ಎರಡು ರೇಟು

ಸಿರುಗುಪ್ಪದಿಂದ ಅವ್ವ ಬಿಪಿ ಗುಳಿಗೆಯ ಖಾಲಿ ಪಟ್ಟಿ ಕೊಟ್ಟು ಕಳಿಸಿದ್ದಳು. ಬಳ್ಳಾರಿಯ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ, ಅದೇ ಮಿಲಿಗ್ರಾಂ, ಅರ್ಧಕ್ಕಿಂತ ಕಮ್ಮಿ ರೇಟಿಗೆ ಸಿಕ್ಕಿತು. ಅವ್ವ ತಿರುಗಿಸಿ ನೋಡಿ, "ಇಷ್ಟು ಸೋವಿ ಅಂದ್ರ ಇದ್ರಾಗ ಏನಾರ ಕಮ್ಮಿ ಹಾಕಿರ್ತಾರೇನಪ್ಪಾ?" ಅಂದಳು. ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಸ್ವಾತಂತ್ರ್ಯ ಬಂದ ಮೇಲೂ ನಮ್ಮಲ್ಲಿ ನಡೀತಿದ್ದುದು ಬ್ರಿಟಿಷರ ಕಾಲದ, 1911ರ ಪೇಟೆಂಟ್ ಕಾನೂನು. ಪೇಟೆಂಟ್ ಇದ್ದ ಕಂಪನಿ ಹೇಳಿದ್ದೇ ಬೆಲೆ. ಔಷಧ ಅತಿ ದುಬಾರಿಯಾಗಿರುವ ದೇಶಗಳಲ್ಲಿ ಭಾರತವೂ ಒಂದು ಅಂತ ಅಮೆರಿಕದ ಸೆನೆಟರ್ ಕೆಫಾವರ್ ಅವರ ಸಮಿತಿಯೇ ಬರೆಯಿತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ವರದಿ ಕೊಟ್ಟರು. ಅದರ ಬಲದ ಮೇಲೆ 1970ರ ಕಾಯ್ದೆ ಬಂತು, 1972ರಲ್ಲಿ ಜಾರಿಯಾಯಿತು. ಇನ್ನು ಔಷಧಕ್ಕೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ. ಅದೂ ಹೆಚ್ಚೆಂದರೆ 7 ವರ್ಷ. ಬೇರೆ ವಿಧಾನದಲ್ಲಿ ಅದೇ ಔಷಧ ಮಾಡುವ ದೇಶಿ ಕಂಪನಿಗಳು ಬೆಳೆದವು, ಬೆಲೆ ಇಳಿಯಿತು. 2005ರಲ್ಲಿ ಔಷಧದ ಪೇಟೆಂಟ್ ಮರಳಿ ಬಂದರೂ ಅವ್ವನ ಹಳೇ ಗುಳಿಗೆಗೆ ಅದು ತಟ್ಟಲಿಲ್ಲ.

ಹಂಗಾದ್ರೆ ಎರಡು ರೇಟು ಯಾಕೆ? 1995ರ ಬೆಲೆ ನಿಯಂತ್ರಣ ಆದೇಶದಲ್ಲಿ ತಯಾರಿಕೆ ಖರ್ಚಿನ ಮೇಲೆ ನೂರಕ್ಕೆ ನೂರರವರೆಗೆ ಸೇರಿಸಿ ಬೆಲೆ ಕಟ್ಟುತ್ತಿದ್ದರು. ಕುರುಗೋಡಿನ ಮೆಣಸಿನಕಾಯಿ ರೈತರಿಗೆ ಹಿಂಗ ಕೊಡ್ತೀವಿ ಅಂದ್ರೆ ಕುಣಿದಾಡ್ತಾರೆ! ಕಂಪನಿಗಳಿಗೆ ಅದೂ ಸಾಲದು ಅನಿಸಿತು. 2013ರ ಆದೇಶ ಲೆಕ್ಕವನ್ನೇ ಬದಲಿಸಿತು: ಮಾರುಕಟ್ಟೆಯಲ್ಲಿ ಶೇ 1ರಷ್ಟಾದರೂ ಪಾಲು ಇರುವ ಬ್ರಾಂಡ್‌ಗಳ ಬೆಲೆಯ ಸರಾಸರಿ, ಜೊತೆಗೆ ಅಂಗಡಿಯವರಿಗೆ ಶೇ 16. ಮಾಡೋಕೆ ಎಷ್ಟು ಬಿತ್ತು ಅನ್ನೋ ಪ್ರಶ್ನೆ ಹೋಗಿ, ಎಷ್ಟಕ್ಕೆ ಮಾರ್ತಿದೀರಿ ಅನ್ನೋದು ಉಳೀತು. ಅದೂ ಅಗತ್ಯ ಔಷಧಗಳ ಪಟ್ಟಿಯಲ್ಲಿರುವವಕ್ಕೆ ಮಾತ್ರ. ಚೀಟಿಯಲ್ಲಿ ಡಾಕ್ಟರು ಬರೆಯುವುದು ಬ್ರಾಂಡ್ ಹೆಸರು. ಆ ಹೆಸರನ್ನು ಡಾಕ್ಟರ ಬಾಯಿಗೆ ಕೂರಿಸುವ ಖರ್ಚೂ ಅವ್ವನ ಬಿಲ್ಲಿನಲ್ಲೇ ಬರುತ್ತೆ. 2008ರಲ್ಲಿ ಶುರುವಾದ ಜನೌಷಧಿ ಗುಳಿಗೆಗೆ ಆ ಖರ್ಚಿಲ್ಲ.

ಆದರೆ ಅವ್ವನ ಅನುಮಾನವನ್ನ ನಗೆಯಾಡಿ ಬಿಡಲಾರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ಸರ್ಕಾರವೇ ಟೆಂಡರ್‌ನಲ್ಲಿ ಕೊಂಡಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಟೆಂಡರ್‌ನಲ್ಲಿ ಕಮ್ಮಿ ರೇಟು ಹಾಕಿದವರಿಗೆ ಆರ್ಡರ್. ಸ್ವಚ್ಛ ನೀರು, ಪ್ರತಿ ಬ್ಯಾಚಿನ ಪರೀಕ್ಷೆ, ಇವೂ ಖರ್ಚೇ ಅಲ್ವಾ? ಕಾನೂನಿನಲ್ಲಿ ದುಬಾರಿ ಔಷಧಕ್ಕೂ ಸೋವಿ ಔಷಧಕ್ಕೂ ಗುಣಮಟ್ಟದ ಅಳತೆ ಒಂದೇ. ಅಳೆಯೋರು ಬೇಕು.

ಅವ್ವ ಈಗ ಜನೌಷಧಿ ಗುಳಿಗೇನೇ ತಗೋತಾಳೆ. ತಿಂಗಳಿಗೊಮ್ಮೆ ತಪ್ಪದೆ ಬಿಪಿ ನೋಡಿಸ್ಕೊಂಡು ಬರ್ತಾಳೆ.