ಡೆನ್ಮಾರ್ಕಿನ ಹಂದಿಸಾಕಣೆ: ತಳಿಯೋ ಪಾಲನೆಯೋ?

ಹಳಗನ್ನಡದ ‘ಪಂದಿ’ಯನ್ನು ನಮ್ಮ ಕಾವ್ಯಾಭ್ಯಾಸಿಗಳು ಬೇಟೆಯ ವರ್ಣನೆಗಳಿಂದ ಬಲ್ಲರು. ಕೃಷಿಯ ಚರಿತ್ರೆಯಲ್ಲಿಯೂ ಈ ಪ್ರಾಣಿಗೆ ಒಂದು ಸ್ಥಾನವುಂಟು. ಡೆನ್ಮಾರ್ಕಿನ ಹಂದಿಮಾಂಸವು ಲೋಕಪ್ರಸಿದ್ಧವಾದುದಕ್ಕೆ ಆ ನಾಡಿನ ಲ್ಯಾಂಡ್‌ರೇಸ್ ತಳಿಯೇ ಕಾರಣವೆಂದು ಹೇಳುವುದುಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಇಲ್ಲಿ ಪರಿಶೀಲಿಸೋಣ.

1864ರ ಯುದ್ಧದಲ್ಲಿ ಡೆನ್ಮಾರ್ಕು ತನ್ನ ದಕ್ಷಿಣದ ಪ್ರಾಂತಗಳನ್ನು ಕಳೆದುಕೊಂಡಿತು. 1870ರ ದಶಕದಿಂದ ಅಮೆರಿಕ, ರಷ್ಯಾಗಳ ಅಗ್ಗದ ಧಾನ್ಯವು ಯೂರೋಪಿನ ಪೇಟೆಗಳನ್ನು ತುಂಬಲು, ಧಾನ್ಯವನ್ನು ಮಾರಿ ಬದುಕುವುದು ಅಲ್ಲಿಯ ರೈತನಿಗೆ ದುಸ್ಸಾಧ್ಯವಾಯಿತು. ಆಗ ಅವನು ಧಾನ್ಯವನ್ನು ಪಶುಗಳಿಗೆ ತಿನ್ನಿಸಿ, ಬೆಣ್ಣೆಯನ್ನೂ ಮಾಂಸವನ್ನೂ ಮಾರತೊಡಗಿದನು. 1882ರಲ್ಲಿ ಜಟ್ಲೆಂಡಿನ ಯೆಡ್ಡಿಂಗ್ ಗ್ರಾಮದಲ್ಲಿ ಮೊದಲನೆಯ ಸಹಕಾರ ಕ್ಷೀರಶಾಲೆಯು ಸ್ಥಾಪಿತವಾಯಿತು. ಇಂತಹ ಶಾಲೆಗಳಿಂದ ಕೆನೆ ತೆಗೆದ ಹಾಲು ರೈತನಿಗೆ ಮರಳಿ ಬರುತ್ತಿದ್ದಿತು. ಬಾರ್ಲಿಯಲ್ಲಿ ಕಡಿಮೆಯಾಗಿರುವ ಸಸಾರಜನಕಾಂಶವನ್ನು ಈ ಹಾಲು ತುಂಬಿಕೊಡುತ್ತದೆ. ಆದುದರಿಂದ ಎರಡನ್ನೂ ಉಂಡ ಮರಿಗಳು ಚೆನ್ನಾಗಿ ಬೆಳೆದುವು.

1887ರಲ್ಲಿ ಜರ್ಮನಿಯು ರೋಗಭಯವನ್ನು ಮುಂದಿಟ್ಟು ಡೆನ್ಮಾರ್ಕಿನ ಜೀವಂತ ಹಂದಿಗಳನ್ನು ನಿಷೇಧಿಸಿತು. ಅದೇ ವರ್ಷ ಹೋರ್ಸೆನ್ಸ್ ಪಟ್ಟಣದಲ್ಲಿ ರೈತರು ತಮ್ಮದೇ ಸಹಕಾರ ವಧಾಗಾರವನ್ನು ಸ್ಥಾಪಿಸಿ, ಉಪ್ಪಿನಲ್ಲಿ ಹದಮಾಡಿದ ಮಾಂಸವನ್ನು ಇಂಗ್ಲೆಂಡಿಗೆ ಕಳುಹಿಸತೊಡಗಿದರು. ಇಂಗ್ಲೆಂಡಿನ ಗಿರಾಕಿಗೆ ಕೊಬ್ಬು ಕಡಿಮೆಯಿರುವ ಮಾಂಸ ಬೇಕಾಗಿದ್ದಿತು. ತಳಿಸಂಸ್ಕಾರದ ಕಾರ್ಯವು ವ್ಯವಸ್ಥಿತ ರೂಪವನ್ನು ತಾಳಿದುದು ಇವೆಲ್ಲವುಗಳ ತರುವಾಯ, 1890ರ ದಶಕದಲ್ಲಿ.

1907ರಲ್ಲಿ ಆರಂಭವಾದ ಸಂತತಿಪರೀಕ್ಷಾ ಕೇಂದ್ರಗಳ ಕ್ರಮವು ಇಲ್ಲಿ ಬಹು ಬೋಧಪ್ರದವಾದುದು. ಒಂದೊಂದು ಸೂಲಿನಿಂದ 4 ಮರಿಗಳನ್ನು ತಂದು, ಎಲ್ಲಕ್ಕೂ ಒಂದೇ ಬಗೆಯ ಕೊಟ್ಟಿಗೆ, ಒಂದೇ ಬಗೆಯ ಮೇವನ್ನು ಒದಗಿಸಿ, ತಿಂದ ಮೇವಿಗೂ ಬೆಳೆದ ತೂಕಕ್ಕೂ ಇರುವ ಪ್ರಮಾಣವನ್ನು ಅಳೆಯುತ್ತಿದ್ದರು. ತಳಿಯ ಗುಣವನ್ನು ತಿಳಿಯಬೇಕಾದರೆ ಮೊದಲು ಪಾಲನೆಯನ್ನು ಸಮಗೊಳಿಸಬೇಕೆಂಬುದನ್ನು ಅವರು ಅರಿತಿದ್ದರು. ತಳಿಯನ್ನು ಶೋಧಿಸಹೊರಟವರೇ ಪಾಲನೆಯ ಪ್ರಭಾವವನ್ನು ಹೀಗೆ ಒಪ್ಪಿಕೊಂಡಂತಾಯಿತಲ್ಲವೆ?

ಇದಕ್ಕಿಂತಲೂ ಬಲವಾದ ಪ್ರಮಾಣವನ್ನು ಮೊದಲನೆಯ ಮಹಾಯುದ್ಧವು ಒದಗಿಸುತ್ತದೆ. 1881ರಲ್ಲಿ ಸುಮಾರು 5 ಲಕ್ಷವಾಗಿದ್ದ ಹಂದಿಗಳ ಸಂಖ್ಯೆಯು 1914ರಲ್ಲಿ ಸುಮಾರು 25 ಲಕ್ಷಕ್ಕೆ ಏರಿದ್ದಿತು. ಯುದ್ಧಕಾಲದ ದಿಗ್ಬಂಧನದಿಂದ ಹೊರಗಿನ ಮೇವು ನಿಂತುಹೋಯಿತು. ಇದ್ದ ಧಾನ್ಯವನ್ನು ಜನರ ಆಹಾರಕ್ಕಾಗಿ ಉಳಿಸಬೇಕಾಯಿತು. 1918ರ ವೇಳೆಗೆ ಹಂದಿಗಳು ಸುಮಾರು 6 ಲಕ್ಷಕ್ಕೆ ಇಳಿದುವು. ತಳಿಯು ಮೊದಲಿನದೇ, ತಪ್ಪಿದುದು ಮೇವು. ಮೇವಿನ ಮಾರ್ಗವು ತೆರೆದ ಬಳಿಕ, 1931ರಲ್ಲಿ ಆ ಸಂಖ್ಯೆಯು 50 ಲಕ್ಷವನ್ನು ಮೀರಿತು.

ತಳಿಯು ನಿಷ್ಪ್ರಯೋಜಕವೆಂಬುದು ಇದರ ತಾತ್ಪರ್ಯವಲ್ಲ. ನೀಳವಾದ ಮೈ, ತೆಳುವಾದ ಕೊಬ್ಬು ಇವು ತಳಿಯಿಂದಲೇ ಬರತಕ್ಕವು. ಆದರೆ ಮೇವು, ಕೊಟ್ಟಿಗೆ, ಸಹಕಾರ ಇವುಗಳನ್ನು ಬಿಟ್ಟು ಆ ತಳಿಯೊಂದನ್ನೇ ಬೇರೆಡೆಗೆ ಒಯ್ದವನು ಡೆನ್ಮಾರ್ಕಿನ ಅನುಭವದಲ್ಲಿ ಅರ್ಧವನ್ನು ಮಾತ್ರ ಒಯ್ದಂತಾಗುವುದು.