ಗನಾಡೊದ ನರ್ಸಿಂಗ್ ಶಾಲೆ

ಅಮೆರಿಕದ ಅರಿಝೋನಾದಲ್ಲಿ, ನವಾಹೊ ಜನರ ಸೀಮೆಯ ಗನಾಡೊ ಎಂಬ ಊರಿನಲ್ಲಿ ಪ್ರೆಸ್ಬಿಟೇರಿಯನ್ ಕ್ರೈಸ್ತ ಮಿಷನ್ ಆಸ್ಪತ್ರೆ 1930ರಲ್ಲಿ ಮೂಲನಿವಾಸಿ ಹೆಣ್ಣುಮಕ್ಕಳಿಗಾಗಿ ನರ್ಸಿಂಗ್ ಶಾಲೆ ತೆರೆಯಿತು. ಇದು ಆಗಹೋಗುವ ಮಾತಲ್ಲ ಎಂದು ಮೂಗು ಮುರಿದವರಿದ್ದರು. ಅವರ ಕೈಯಲ್ಲಿ ಒಂದು ಕಾರಣವೂ ಇತ್ತು. ನವಾಹೊ ಸಂಪ್ರದಾಯದಲ್ಲಿ ಹೆಣದ ಭಯ ದೊಡ್ಡದು. ಸಾವಾದ ಮನೆಯನ್ನೇ ತೊರೆದುಬಿಡುತ್ತಿದ್ದರು. ಅಂಥ ಮನೆಯ ಹುಡುಗಿ ಸಾವು ನೋಡಬೇಕಾದ ವಾರ್ಡಿನಲ್ಲಿ ನಿಂತಾಳೆಯೇ? ಆಸ್ಪತ್ರೆಯ ಮುಖ್ಯಸ್ಥ ಡಾ. ಕ್ಲಾರೆನ್ಸ್ ಸಾಲ್ಸ್‌ಬರಿ ಈ ಸಂದೇಹಕ್ಕೆ ಸೊಪ್ಪು ಹಾಕಲಿಲ್ಲ. 1933ರಲ್ಲಿ ಮೊದಲ ಇಬ್ಬರು ವಿದ್ಯಾರ್ಥಿನಿಯರು ತರಬೇತಿ ಮುಗಿಸಿ ಹೊರಬಂದರು. ಆಮೇಲೆ ಬೇರೆ ಬೇರೆ ಬುಡಕಟ್ಟುಗಳವರಷ್ಟೇ ಅಲ್ಲ, ಬೇರೆಡೆ ಸುಲಭವಾಗಿ ಸೀಟು ಸಿಗದ ಏಷ್ಯಾ ಮೂಲದ ಹುಡುಗಿಯರೂ ಅಲ್ಲಿ ಕಲಿತರು. ಅಂದರೆ ಕೊರತೆಯಿದ್ದದ್ದು ಹುಡುಗಿಯರ ಯೋಗ್ಯತೆಯಲ್ಲಲ್ಲ, ಸೇರಿಸಿಕೊಳ್ಳುವವರ ಮನಸ್ಸಿನಲ್ಲಿ. ಕೆನಡಾದ ಸಿಕ್ಸ್ ನೇಷನ್ಸ್ ಎಂಬ ಮೂಲನಿವಾಸಿ ಸೀಮೆಯ ಈಡಿತ್ ಆ್ಯಂಡರ್ಸನ್ ಮಾಂಟ್ಯೂರ್ ಅವರ ಕಥೆ ಹೇಳುವುದೂ ಇದನ್ನೇ. ಸ್ವದೇಶದ ನರ್ಸಿಂಗ್ ಶಾಲೆಗಳು ಸೇರಿಸಿಕೊಳ್ಳದ ಕಾರಣ ಅವರು ನ್ಯೂಯಾರ್ಕ್ ರಾಜ್ಯದ ನ್ಯೂ ರೊಶೆಲ್‌ಗೆ ಹೋಗಿ 1914ರಲ್ಲಿ ಪದವಿ ಪಡೆದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದರು.

ಪ್ರತ್ಯೇಕ ಶಾಲೆಯೆಂದರೆ ಮಟ್ಟ ಇಳಿಸಿದ ಶಾಲೆ ಎಂಬ ಆಕ್ಷೇಪ ಇಂದಿಗೂ ಕೇಳುತ್ತದೆ. ಗನಾಡೊದ್ದು ಮಾನ್ಯತೆ ಪಡೆದ ಶಾಲೆ; ಅಲ್ಲಿ ಬದಲಾದದ್ದು ಪ್ರವೇಶದ ಬಾಗಿಲು ಮತ್ತು ಕಲಿಕೆಯ ಪರಿಸರ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಮಿಷನ್ನಿನ ಉದ್ದೇಶ ಬರೀ ಶುಶ್ರೂಷೆಯಲ್ಲ, ಮತಪ್ರಚಾರವೂ ಹೌದು. ಇದನ್ನು ಒಪ್ಪಲೇಬೇಕು. ಮೂಲನಿವಾಸಿ ಮಕ್ಕಳ ಭಾಷೆಯನ್ನೂ ಜಡೆಯನ್ನೂ ಕತ್ತರಿಸಿದ ವಸತಿಶಾಲೆಗಳ ಕಾಲವದು. ಮಿಷನ್ನಿನ ದಯೆಯಲ್ಲಿ ಅಹಂಕಾರವೂ ಬೆರೆತಿತ್ತು. ಆದರೆ ಇದರಿಂದ ಸಿದ್ಧವಾಗುವುದು ನೆರವು ಬೇಡವೆಂದಲ್ಲ. ನೆರವಿನ ಲಗಾಮು ಆ ಜನರ ಕೈಯಲ್ಲೇ ಇರಬೇಕೆಂದು. ಗನಾಡೊ ಶಾಲೆ 1951ರಲ್ಲಿ ಮುಚ್ಚಿತು. ಕೆನಡಾದಲ್ಲಿ 1975ರಲ್ಲಿ ಕ್ರೀ ಸಮುದಾಯದ ನರ್ಸ್ ಜೀನ್ ಕತ್‌ಹ್ಯಾಂಡ್ ಗುಡ್‌ವಿಲ್ ಮತ್ತು ಸಂಗಡಿಗರು ಮೂಲನಿವಾಸಿ ನರ್ಸುಗಳದೇ ಸಂಘ ಕಟ್ಟಿದಾಗ ಆ ಲಗಾಮು ಕೈ ಬದಲಾಯಿಸತೊಡಗಿತು.

ಬಾಗಿಲು ತೆರೆದಾಯಿತಲ್ಲ, ಇನ್ನೇನು ಬೇಕು ಎನ್ನುವವರಿಗೆ ಕೆನಡಾದಲ್ಲಿ ವಸತಿಶಾಲೆಗಳ ಅನ್ಯಾಯವನ್ನು ಪರಿಶೀಲಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಉತ್ತರ ಕೊಟ್ಟಿದೆ. ಆರೋಗ್ಯ ಕ್ಷೇತ್ರದಲ್ಲಿ ಮೂಲನಿವಾಸಿ ವೃತ್ತಿಪರರ ಸಂಖ್ಯೆ ಹೆಚ್ಚಬೇಕೆಂದು ಹೇಳಿ ಅದು ಸುಮ್ಮನಾಗಲಿಲ್ಲ. ವೈದ್ಯಕೀಯ ಮತ್ತು ನರ್ಸಿಂಗ್ ಶಾಲೆಗಳ ಎಲ್ಲ ವಿದ್ಯಾರ್ಥಿಗಳೂ ಮೂಲನಿವಾಸಿಗಳ ಆರೋಗ್ಯ, ಹಕ್ಕು ಮತ್ತು ವಸತಿಶಾಲೆಗಳ ಚರಿತ್ರೆಯನ್ನು ಕಡ್ಡಾಯವಾಗಿ ಓದಬೇಕೆಂದಿತು.