ಅಮೆರಿಕದ ಬಾಡಿಗೆ ಮನೆ: ಮೂರು ಊರು, ಮೂರು ಕಂದಾಯ (ಭಾಗ 7)

ಈ ಭಾಗ ಮುಖ್ಯವಾಗಿ ನಮ್ಮ ಚಿಕ್ಕಪ್ಪನಿಗೆ, ಆದರೆ ಎಲ್ಲರೂ ಓದಿ. ಚನ್ನಗಿರಿಯ ಸೈಟು ಮಾರಿ, ನಮ್ಮವರೇ ನಾಲ್ಕು ಜನ ಕೂಡಿ, ಅಮೆರಿಕದಲ್ಲಿ ಒಂದು ಮನೆ ತೆಗೆದು ಬಾಡಿಗೆಗೆ ಬಿಟ್ಟರೆ ಹೇಗೆ ಅನ್ನೋದು ಅವರ ಯೋಚನೆ. "ನೀನಿರೋ ಟೆಕ್ಸಾಸಿನಲ್ಲಿ ಇನ್‌ಕಮ್ ಟ್ಯಾಕ್ಸೇ ಇಲ್ಲವಂತಲ್ಲಮ್ಮ, ಡೆಟ್ರಾಯಿಟಿನಲ್ಲಿ ಕಾರಿನ ಬೆಲೆಗೆ ಮನೆ ಸಿಗುತ್ತಂತಲ್ಲ" ಅಂತ ಕೇಳಿದ್ದಾರೆ. ಎರಡೂ ಸುಳ್ಳಲ್ಲ. ಆದರೆ ಎರಡಕ್ಕೂ ಹಿಂದೊಂದು ಚರಿತ್ರೆ ಇದೆ. ಸೈಟು ಒಂದು ಸಲ ಕೈಬಿಟ್ಟರೆ ಮತ್ತೆ ಬರೋದಿಲ್ಲ, ಅದಕ್ಕೇ ಮೊದಲು ಈ ಚರಿತ್ರೆ ಓದಿಬಿಡಿ.

ಅಮೆರಿಕದಲ್ಲಿ ತೆರಿಗೆ ಒಂದೇ ಕಡೆಯಿಂದ ಬರೋದಿಲ್ಲ. ದೆಹಲಿಯ ಹಾಗೆ ವಾಷಿಂಗ್ಟನ್ ಒಂದು ಪಾಲು ತಗೊಳ್ಳುತ್ತದೆ. ಆಮೇಲೆ ರಾಜ್ಯ, ಕೌಂಟಿ, ನಗರಸಭೆ, ಶಾಲಾ ಮಂಡಳಿ ಎಲ್ಲವಕ್ಕೂ ದುಡ್ಡು ಬೇಕು. ಸಂಬಳದ ಮೇಲೆ ಹಾಕಬೇಕು, ಇಲ್ಲ ಅಂಗಡಿ ಬಿಲ್ಲಿನ ಮೇಲೆ, ಇಲ್ಲ ಮನೆಯ ಮೇಲೆ. ಒಂದು ಬಾಗಿಲು ಮುಚ್ಚಿದರೆ ಕಂದಾಯದವನು ಇನ್ನೊಂದು ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಯಾವ ಬಾಗಿಲು ಅನ್ನೋದನ್ನು ತೀರ್ಮಾನ ಮಾಡೋದು ಆ ಊರಿನ ವೋಟು.

ಮೊದಲು ಕ್ಯಾಲಿಫೋರ್ನಿಯಾ. 1970ರ ದಶಕದಲ್ಲಿ ಅಲ್ಲಿ ಮನೆಗಳ ಬೆಲೆ ಗಗನಕ್ಕೇರಿತು, ಬೆಲೆಯ ಜೊತೆಗೆ ಮನೆ ಕಂದಾಯವೂ ಏರಿತು. ಪೆನ್ಷನ್ನಿನಲ್ಲಿ ಬದುಕುತ್ತಿದ್ದ ಮುದುಕರಿಗೆ ತಮ್ಮದೇ ಮನೆಯ ಕಂದಾಯ ಕಟ್ಟೋದಕ್ಕೆ ಆಗದ ಸ್ಥಿತಿ ಬಂತು. ಆಗ ಹೋವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಎಂಬ ಇಬ್ಬರು ಸಹಿ ಸಂಗ್ರಹಿಸಿ ಒಂದು ತಿದ್ದುಪಡಿಯನ್ನು ಜನರ ಮುಂದಿಟ್ಟರು. ಅದೇ ಪ್ರೊಪೊಸಿಷನ್ 13. 1978ರ ಜೂನ್ 6ರಂದು ಸುಮಾರು ಮೂರರಲ್ಲಿ ಎರಡು ಪಾಲು ಮತ ಬಿದ್ದು ಅದು ಪಾಸಾಯಿತು. ನಿಯಮ ಸರಳ: ಮೂಲ ಕಂದಾಯ ಮನೆ ಬೆಲೆಯ ಶೇ. 1ನ್ನು ದಾಟಬಾರದು. ಬೆಲೆಯನ್ನು 1975ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಬೇಕು, ಅಲ್ಲಿಂದ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಮನೆ ಮಾರಾಟವಾದರೆ ಮಾತ್ರ ಹೊಸ ಬೆಲೆಗೆ ಹೊಸ ಲೆಕ್ಕ.

ಈ ಲಾಭ ಬಾಡಿಗೆ ಮನೆಗಳಿಗೂ ಸಿಕ್ಕಿತು. ಜಾರ್ವಿಸ್ ಸ್ವತಃ ಲಾಸ್ ಏಂಜಲೀಸಿನ ಅಪಾರ್ಟ್‌ಮೆಂಟ್ ಮಾಲೀಕರ ಸಂಘದಲ್ಲಿ ಕೆಲಸ ಮಾಡುತ್ತಿದ್ದವರು. ಕಂದಾಯ ಇಳಿದರೆ ಬಾಡಿಗೆಯೂ ಇಳಿಯುತ್ತದೆ ಎಂದು ಪ್ರಚಾರದಲ್ಲಿ ಹೇಳಿದ್ದರು. ಬಹಳಷ್ಟು ಮಾಲೀಕರು ಇಳಿಸಲಿಲ್ಲ. ಬಾಡಿಗೆದಾರರಿಗೆ ಸಿಟ್ಟು ಬಂತು. ಅದೇ 1978ರಲ್ಲಿ ಲಾಸ್ ಏಂಜಲೀಸ್ ನಗರಸಭೆ ಬಾಡಿಗೆ ಏರಿಸೋದಕ್ಕೆ ತಡೆ ಹಾಕಿತು. 1979ರಲ್ಲಿ ಸಾಂಟಾ ಮೋನಿಕಾ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಬಾಡಿಗೆ ನಿಯಂತ್ರಣದ ಕಾನೂನು ತಂದವು. 2019ರಲ್ಲಿ ಇಡೀ ರಾಜ್ಯಕ್ಕೇ ಒಂದು ಮಿತಿ ಬಂತು: ಬಹುಪಾಲು ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ವರ್ಷಕ್ಕೆ ಶೇ. 5 ಮತ್ತು ಬೆಲೆಯೇರಿಕೆಯ ದರ, ಎರಡೂ ಸೇರಿ ಶೇ. 10 ಮೀರುವಂತಿಲ್ಲ.

ಹಳೆಯ ಮಾಲೀಕನಿಗೆ ಇದು ಹಬ್ಬ. ಈಗ ಹೋಗಿ ಕೊಳ್ಳುವವನಿಗೆ ಅಲ್ಲ. ಪಕ್ಕದ ಮನೆಯವನು 1975ರ ಲೆಕ್ಕದಲ್ಲಿ ಕಟ್ಟುತ್ತಿರುತ್ತಾನೆ, ನೀವು ಇವತ್ತಿನ ಬೆಲೆಗೆ ಕಟ್ಟಬೇಕು. 1988ರಲ್ಲಿ ಮನೆ ಕೊಂಡ ಒಬ್ಬ ಮಹಿಳೆ, ಅಂಥದ್ದೇ ಮನೆಯ ಹಳೆಯ ಮಾಲೀಕರಿಗಿಂತ ಸುಮಾರು ಐದು ಪಟ್ಟು ಕಂದಾಯ ಕಟ್ಟಬೇಕಾಗಿ ಬಂದು, ಸುಪ್ರೀಂ ಕೋರ್ಟಿನವರೆಗೂ ಹೋದರು. 1992ರಲ್ಲಿ ಕೋರ್ಟು ನಿಯಮವನ್ನೇ ಎತ್ತಿಹಿಡಿಯಿತು. ಮನೆ ಕಂದಾಯದ ಬಾಗಿಲು ಅರ್ಧ ಮುಚ್ಚಿದ ಮೇಲೆ ರಾಜ್ಯ ಇನ್‌ಕಮ್ ಟ್ಯಾಕ್ಸನ್ನೇ ಹೆಚ್ಚು ನೆಚ್ಚಿಕೊಂಡಿತು. ಮೇಲಿನ ದರ ಈಗ ಶೇ. 13.3. ಮಾಲೀಕ ಬೇರೆ ರಾಜ್ಯದಲ್ಲಿದ್ದರೂ ಅಲ್ಲಿನ ಮನೆಯ ಬಾಡಿಗೆ ಆದಾಯಕ್ಕೆ ಅಲ್ಲೇ ತೆರಿಗೆ.

ಈಗ ನಾನಿರುವ ಹ್ಯೂಸ್ಟನ್. ಟೆಕ್ಸಾಸಿನಲ್ಲಿ ಸಂಬಳಕ್ಕೆ ರಾಜ್ಯದ ತೆರಿಗೆ ಇಲ್ಲ, ನಿಜ. ಮುಂದೆಯೂ ಹಾಕಬಾರದು ಎಂದು 2019ರಲ್ಲಿ ಜನ ವೋಟು ಹಾಕಿ ಸಂವಿಧಾನಕ್ಕೇ ಸೇರಿಸಿದ್ದಾರೆ. ಹಾಗಾದರೆ ಶಾಲೆ ನಡೆಯೋದು ಹೇಗೆ? ಮನೆ ಕಂದಾಯದಿಂದ. ಕಾರ್ಡಿಲ್ಲದ ಬಡವರಿಗೆ ಚಿಕಿತ್ಸೆ ಕೊಡುವ ನಮ್ಮ ಕೌಂಟಿಯ ಸರ್ಕಾರಿ ಆಸ್ಪತ್ರೆಗೂ ಕಂದಾಯದ ಬಿಲ್ಲಿನಲ್ಲಿ ಬೇರೆಯೇ ಒಂದು ಸಾಲು ಇರುತ್ತದೆ. ಎಲ್ಲ ಸೇರಿ ವರ್ಷಕ್ಕೆ ಮನೆ ಬೆಲೆಯ ಶೇ. 2ರ ಆಸುಪಾಸು.

ಒಂದು ಉದಾಹರಣೆ ಹಾಕಿ ನೋಡೋಣ ಚಿಕ್ಕಪ್ಪ. 3 ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 6,000 ಡಾಲರ್ ಕಂದಾಯ, ಅಂದರೆ ತಿಂಗಳಿಗೆ 500. ಬಾಡಿಗೆ 2,000 ಬಂದರೆ ಅದರಲ್ಲಿ ಕಾಲು ಭಾಗ ಕಂದಾಯಕ್ಕೇ ಹೋಯಿತು. ಬ್ಯಾಂಕಿನ ಸಾಲ, ವಿಮೆ, ರಿಪೇರಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬಾಡಿಗೆದಾರ ಬಿಟ್ಟುಹೋಗಿ ಮನೆ ಖಾಲಿ ಬಿದ್ದರೂ ಕಂದಾಯ ನಿಲ್ಲೋದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸ್ವಂತ ವಾಸದ ಮನೆಯ ಬೆಲೆಯನ್ನು ಕಂದಾಯದ ಲೆಕ್ಕಕ್ಕೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು ಎಂದು 1997ರಲ್ಲೇ ಜನ ವೋಟು ಹಾಕಿದರು. 2023ರಲ್ಲಿ ಶಾಲಾ ತೆರಿಗೆಗೆ ಲೆಕ್ಕ ಹಾಕುವಾಗ ಸ್ವಂತ ಮನೆಯ ಬೆಲೆಯಲ್ಲಿ 1 ಲಕ್ಷ ಡಾಲರ್ ಕಳೆಯಬಹುದು ಎಂದಾಯಿತು. ಬಾಡಿಗೆ ಮನೆಗೆ ಇವೆರಡೂ ಇಲ್ಲ. 2024, 2025, 2026 ಈ ಮೂರು ವರ್ಷಕ್ಕೆ ಮಾತ್ರ ಶೇ. 20ರ ಮಿತಿಯೊಂದನ್ನು ಕೊಟ್ಟಿದ್ದಾರೆ. ಯಾಕೆ ಹೀಗೆ? ಮನೆಯಲ್ಲಿ ವಾಸ ಮಾಡುವವನು ಇಲ್ಲೇ ವೋಟು ಹಾಕುತ್ತಾನೆ. ಚನ್ನಗಿರಿಯಲ್ಲಿ ಕೂತ ಮಾಲೀಕನಿಗೆ ಹ್ಯೂಸ್ಟನ್ನಿನಲ್ಲಿ ವೋಟಿಲ್ಲ.

ಕಂದಾಯ ಒಂದು ಕಡೆ, ಊರಿನ ಸಂಪಾದನೆ ಇನ್ನೊಂದು ಕಡೆ. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಕೆಲಸ ಹುಡುಕಿಕೊಂಡು ಜನ ಹ್ಯೂಸ್ಟನ್ನಿಗೆ ಮುಗಿಬಿದ್ದರು. ಗಲ್ಫ್‌ಟನ್ ಎಂಬ ಬಡಾವಣೆಯಲ್ಲಿ ಬೇರೆ ರಾಜ್ಯಗಳಿಂದ ಬಂದ ಮದುವೆಯಾಗದ ಹುಡುಗ ಹುಡುಗಿಯರಿಗೆಂದೇ ಈಜುಕೊಳಗಳ ಸಮೇತ ಸಾಲು ಸಾಲು ಅಪಾರ್ಟ್‌ಮೆಂಟು ಕಟ್ಟಿದರು. 1980ರ ದಶಕದ ಆರಂಭದಲ್ಲಿ ಬ್ಯಾರಲ್ಲಿಗೆ 30 ಡಾಲರ್ ದಾಟಿದ್ದ ತೈಲ 1986ರಲ್ಲಿ 15ಕ್ಕಿಂತ ಕೆಳಗೆ ಬಿತ್ತು. 1982ರಿಂದ 1987ರೊಳಗೆ ಹ್ಯೂಸ್ಟನ್ 2 ಲಕ್ಷಕ್ಕೂ ಹೆಚ್ಚು ಕೆಲಸಗಳನ್ನು ಕಳೆದುಕೊಂಡಿತು. ಅಪಾರ್ಟ್‌ಮೆಂಟುಗಳು ಖಾಲಿ ಹೊಡೆದವು. ಮಾಲೀಕರು ಬಾಡಿಗೆ ಇಳಿಸಿ, ಮಧ್ಯ ಅಮೆರಿಕದಿಂದ ಯುದ್ಧ ತಪ್ಪಿಸಿಕೊಂಡು ಬಂದ ಬಡ ಕುಟುಂಬಗಳನ್ನು ಸ್ಪ್ಯಾನಿಷ್ ಜಾಹೀರಾತು ಹಾಕಿ ಕರೆದರು. ಟೆಕ್ಸಾಸಿನ ಹತ್ತು ದೊಡ್ಡ ಬ್ಯಾಂಕುಗಳಲ್ಲಿ ಒಂಬತ್ತು ಮುಳುಗಿದವು ಇಲ್ಲವೇ ಬೇರೆಯವರ ಪಾಲಾದವು. ಇನ್‌ಕಮ್ ಟ್ಯಾಕ್ಸ್ ಆಗಲೂ ಇರಲಿಲ್ಲ. ಆದರೆ ಬಾಡಿಗೆಯೇ ಬರದಿದ್ದರೆ ತೆರಿಗೆ ಇಲ್ಲ ಅನ್ನೋದರಿಂದ ಏನು ಬಂತು? ಅಡಿಕೆ ರೇಟು ಬಿದ್ದರೆ ನಮ್ಮೂರ ಬಟ್ಟೆ ಅಂಗಡಿಗೂ ಬಿಸಿ ತಟ್ಟುತ್ತದಲ್ಲ, ಹಾಗೇ ಇದು. ಇವತ್ತು ಇಲ್ಲಿ ತೈಲದ ಜೊತೆಗೆ ಆಸ್ಪತ್ರೆಗಳೂ ಬಂದರೂ ದೊಡ್ಡ ಆಸರೆ. ನನ್ನ ಸಂಬಳವೂ ಅಲ್ಲಿಂದಲೇ.

ಕೊನೆಗೆ ಡೆಟ್ರಾಯಿಟ್. ಕಾರು ಕಾರ್ಖಾನೆಗಳ ಊರು. 1950ರಲ್ಲಿ 18.5 ಲಕ್ಷ ಜನ. ಕಾರ್ಖಾನೆಗಳು ಹೊರಗೆ ಹೋದವು, ಬಿಳಿಯರು ಹೊರವಲಯಕ್ಕೆ ಹೋದರು, 2010ರ ಜನಗಣತಿಗೆ 7.13 ಲಕ್ಷ ಉಳಿದಿತ್ತು. ಜನ ಕಡಿಮೆಯಾದರೂ ರಸ್ತೆ, ನೀರು, ಪೊಲೀಸ್, ಹಳೆಯ ಪೆನ್ಷನ್ ಕಡಿಮೆಯಾಗಲಿಲ್ಲ. ಉಳಿದವರ ಮೇಲೆ ದರ ಏರಿತು. 1994ರಲ್ಲಿ ಮಿಷಿಗನ್ ರಾಜ್ಯ ಶಾಲಾ ತೆರಿಗೆಯನ್ನು ಬದಲಿಸಿದಾಗ, ಸ್ವಂತ ವಾಸದ ಮನೆಗೆ ಇಲ್ಲದ ಒಂದು ಹೆಚ್ಚುವರಿ ಶಾಲಾ ತೆರಿಗೆ ಬಾಡಿಗೆ ಮನೆಗೆ ಬಿತ್ತು. ರಾಜ್ಯದ ಇನ್‌ಕಮ್ ಟ್ಯಾಕ್ಸಿನ ಮೇಲೆ ನಗರದ್ದೂ ಒಂದು ಇನ್‌ಕಮ್ ಟ್ಯಾಕ್ಸ್ ಇದೆ, ಹೊರಗಿನ ಮಾಲೀಕನೂ ಅಲ್ಲಿನ ಬಾಡಿಗೆಗೆ ಕಟ್ಟಬೇಕು. 2013ರ ಜುಲೈನಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು.

ಮೂರು ವರ್ಷ ಕಂದಾಯ ಬಾಕಿಯಾದ ಮನೆಯನ್ನು ಕೌಂಟಿ ವಶಪಡಿಸಿಕೊಂಡು ಹರಾಜು ಹಾಕುತ್ತದೆ. 500 ಡಾಲರಿನಿಂದ ಶುರುವಾಗುತ್ತಿದ್ದ ಹರಾಜುಗಳು ಅಲ್ಲಿ ನಡೆದವು. ಚಿಕ್ಕಪ್ಪ ಕೇಳಿದ ಕಾರಿನ ಬೆಲೆಯ ಮನೆಗಳ ಕಥೆ ಹುಟ್ಟಿದ್ದು ಇಲ್ಲಿಂದ. ಮನೆಯನ್ನೇ ನೋಡದೆ ಆನ್‌ಲೈನಿನಲ್ಲಿ ಕೊಂಡವರಲ್ಲಿ ಕೆಲವರು ಕಂದಾಯ ಕಟ್ಟದೆ, ರಿಪೇರಿ ಮಾಡದೆ, ಮೂರು ವರ್ಷ ಬಾಡಿಗೆ ಎತ್ತಿ ಕೈಬಿಟ್ಟರು. ಬಾಡಿಗೆ ತಪ್ಪದೆ ಕೊಟ್ಟ ಕುಟುಂಬಗಳು ಬೀದಿಗೆ ಬಂದವು. ಅಂಥ ಲಾಭ ನಮ್ಮ ಮನೆಗೆ ಬೇಡ. ಈಚೆಗೆ ಆ ಊರು ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ, ಒಳ್ಳೆಯದೇ. ಆದರೆ ಯಾವ ಬೀದಿ ಚೇತರಿಸಿದೆ ಅನ್ನೋದು ಅಲ್ಲೇ ಇರುವವರಿಗೆ ಗೊತ್ತು.

ಹಾಗಾಗಿ ಚಿಕ್ಕಪ್ಪ, ಯಾರಾದರೂ ಅಮೆರಿಕದ ಮನೆ ತೋರಿಸಿದರೆ ನಾಲ್ಕು ಪ್ರಶ್ನೆ ಕೇಳಿ. ಈಗಿನ ಮಾಲೀಕ ಕಟ್ಟುತ್ತಿರುವ ಕಂದಾಯ ಇರಲಿ, ಕೊಂಡ ಮೇಲೆ ನಾವು ಕಟ್ಟಬೇಕಾದದ್ದು ಎಷ್ಟು? ಬಾಡಿಗೆ ಮನೆಗೆ ಬೇರೆ ದರ ಇದೆಯೇ? ಬಾಡಿಗೆ ಏರಿಸೋದಕ್ಕೆ ಮಿತಿ ಇದೆಯೇ? ಆ ಊರಿನ ಜನ ಯಾರ ಸಂಬಳದಿಂದ ಬದುಕುತ್ತಾರೆ, ಆ ಕೆಲಸ ಹೋದರೆ ಇನ್ನೇನಿದೆ? ನಾಲ್ಕಕ್ಕೂ ಕಾಗದದ ಮೇಲೆ ಉತ್ತರ ಬರುವವರೆಗೆ ಸೈಟು ಮಾರಬೇಡಿ. "ಟ್ಯಾಕ್ಸ್ ಇಲ್ಲ" ಅನ್ನುವವನು ಒಂದೇ ಬಾಗಿಲು ತೋರಿಸುತ್ತಿದ್ದಾನೆ ಅಂದುಕೊಳ್ಳಿ.

ಮುಂದಿನ ಭಾಗದಲ್ಲಿ ಚಂಡಮಾರುತ ಮತ್ತು ಮನೆ ವಿಮೆಯ ಕಥೆ. ಈ ವಾರ ಮೂರು ನೈಟ್ ಡ್ಯೂಟಿ ಇದೆ, ಮುಗಿಸಿ ಬರೆಯುತ್ತೇನೆ.